ಹದಿನಾಲ್ಕನೇ ಮನೆಯೆದುರು ಬಸ್ ನಿಲ್ಲಲಿ

ಬಸ್ ನಿಲ್ದಾಣಗಳನ್ನು ಎಲ್ಲಿ ನೆಡಬೇಕು, ಎಲ್ಲಿಂದ ಕೀಳಬೇಕು ಎಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಮೇಲೆ ನನ್ನದೊಂದು ದೂರಿದೆ. ನಾನು ಕೇಳಿದ್ದನ್ನು ನೀವು ಮಾಡಿಕೊಟ್ಟಿರಿ. ಇಂಥ ದೂರು ಹೊತ್ತು ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಇರಬೇಕು. ನನ್ನ ಹತ್ತು ಅರ್ಜಿಗಳನ್ನು ನೀವು ಎಲ್ಲ ಕಚೇರಿಗಳ ಪದ್ಧತಿಯಂತೆ ಮೂಲೆಗೆ ಹಾಕಿದ್ದಿರಿ. ಹನ್ನೊಂದನೆಯದನ್ನೂ ಹಾಗೇ ಹಾಕಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಹೋಗಿ ಹೋಗಿ ಆ ಒಂದು ಸಲ ನಿಮಗೆ ಕರ್ತವ್ಯಪ್ರಜ್ಞೆ ಜಾಗೃತವಾಗಬೇಕೇ? ಒಂದು ಮಂಗಳವಾರ ಬೆಳಿಗ್ಗೆ ಮೂವರು ಕೆಲಸಗಾರರು ಬಂದು ನಮ್ಮ ಗೇಟಿನ ಎದುರಿದ್ದ ನಿಲ್ದಾಣದ ಕಂಬ ಕಿತ್ತರು, ಗುಂಡಿಗೆ ಸಿಮೆಂಟ್ ಮೆತ್ತಿದರು, ಕಂಬವನ್ನು ಮುಖ್ಯರಸ್ತೆಯ ತಿರುವಿಗೆ ಒಯ್ದು ನೆಟ್ಟರು. ಆ ಕಂಬವನ್ನು ವಾಪಸ್ ಕೊಡಿ ಎಂದು ಕೇಳುವುದಕ್ಕೆ ಈ ಪತ್ರ. ಇದನ್ನು ಊರೆಲ್ಲ ಓದುವಂತೆ ಬರೆಯುತ್ತಿರುವುದು ಏಕೆಂದರೆ, ನಿಮಗೊಬ್ಬರಿಗೇ ಎಂದು ಬರೆದದ್ದಕ್ಕೆ ನೀವು ಕಳಿಸಿದ ಉತ್ತರ ನನ್ನ ಮೇಜಿನ ಮೇಲಿದೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಾನು ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು. ನನ್ನ ಮೇಜಿಗೂ ಅಚ್ಚಿನ ಯಂತ್ರಕ್ಕೂ ನಡುವೆ ಇದ್ದದ್ದು ಒಂದು ತೆಳು ಹಲಗೆ ಗೋಡೆ. ದಿನವಿಡೀ ಆ ಗದ್ದಲ ಕೇಳಿದ ಕಿವಿ ಮನೆಗೆ ಬಂದ ಮೇಲೂ ಗುಂಯ್ ಎನ್ನುತ್ತಿತ್ತು. ಆದ್ದರಿಂದ ಸ್ವಂತ ಮನೆ ಅಂತ ಕೊಂಡರೆ ಸದ್ದಿಲ್ಲದ ಬೀದಿಯಲ್ಲೇ ಕೊಳ್ಳಬೇಕೆಂದು ಹಟ ಹಿಡಿದಿದ್ದೆ. ಊರಂಚಿನ ಈ ಬಡಾವಣೆಗೆ ನನ್ನನ್ನೂ ನನ್ನ ಹೆಂಡತಿಯನ್ನೂ ದಲ್ಲಾಳಿ ಕರೆತಂದ. ಎರಡು ಕೋಣೆ, ಚಿಕ್ಕ ಅಂಗಳ, ಸೊಂಟದೆತ್ತರದ ಕಾಂಪೌಂಡು ಗೋಡೆ. ಬೀದಿಯ ಉಳಿದ ಮನೆಗಳಿಗಿಂತ ಬೆಲೆ ಕಡಿಮೆ. ಯಾಕೆ ಕಡಿಮೆ ಎಂದು ಕೇಳಿದರೆ ದಲ್ಲಾಳಿ ಅಡುಗೆಮನೆಯ ಕಪಾಟು ತೋರಿಸಿದ. ಮತ್ತೆ ಕೇಳಿದೆ, ಬಚ್ಚಲುಮನೆ ತೋರಿಸಿದ. ಅಷ್ಟರಲ್ಲಿ ಉತ್ತರವೇ ಬುಸ್ ಎಂದು ಬಂದು ಕಿಟಕಿಯೆದುರು ನಿಂತಿತು. ಬಸ್ಸಿನಿಂದ ಐದಾರು ಜನ ಇಳಿದರು, ಇಬ್ಬರು ಹತ್ತಿದರು. ದಲ್ಲಾಳಿ ನೆಲ ನೋಡುತ್ತಾ ನಿಂತ. ನನ್ನ ಹೆಂಡತಿ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ. ಇಳಿದ ಹೆಂಗಸೊಬ್ಬಳು ಇವಳನ್ನು ನೋಡಿ, ಹೊಸಬರು ಬಂದಿದ್ದಾರೆ ಎಂಬಂತೆ ತಲೆಯಾಡಿಸಿ ಹೋದಳು.

"ಇದನ್ನೇ ತಗೊಳ್ಳೋಣ ರೀ," ಎಂದಳು ಇವಳು.

ಅವಳಿಗೆ ಕಪಾಟು ಹಿಡಿಸಿತು ಅಂದುಕೊಂಡೆ. ನನ್ನ ಲೆಕ್ಕಾಚಾರ ಬೇರೆಯೇ ಇತ್ತು: ಮನೆಯನ್ನು ಅಗ್ಗಕ್ಕೆ ಕೊಳ್ಳುವುದು, ಆಮೇಲೆ ನಿಲ್ದಾಣವನ್ನು ಎತ್ತಿಸುವುದು. ಮನೆಯ ಪತ್ರಕ್ಕೆ ಸಹಿ ಹಾಕಿದ ವಾರವೇ ನಿಮಗೆ ನನ್ನ ಮೊದಲ ಅರ್ಜಿ ಬಂದಿತ್ತು. ನಿಮಗೆ ನೆನಪಿರಲಾರದು.

ಬೆಳಿಗ್ಗೆ ಏಳಕ್ಕೆ ಸ್ಕೂಟರಿನಲ್ಲಿ ಹೊರಟು ಸಂಜೆ ಆರಕ್ಕೆ ಬರುತ್ತಿದ್ದ ನನಗೆ ಈ ನಿಲ್ದಾಣ ಸರಿಯಾಗಿ ಕಾಣುತ್ತಿದ್ದದ್ದು ಭಾನುವಾರ ಮಾತ್ರ. ಜನ ನಮ್ಮ ಗೋಡೆಯ ಮೇಲೆ ಕೂತಿರುತ್ತಿದ್ದರು, ನಮ್ಮ ಗೇಟಿಗೆ ಒರಗಿರುತ್ತಿದ್ದರು, ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದರು. ನಾಲ್ಕನೇ ಅರ್ಜಿಯಲ್ಲಿ 'ಸಾರ್ವಜನಿಕರು ನಮ್ಮ ಗೋಡೆಯನ್ನು ನೀರಿನ ಲೋಟ ಇಡುವ ಮೇಜಾಗಿಸಿಕೊಂಡಿದ್ದಾರೆ' ಎಂದು ಖಾರವಾಗಿ ಬರೆದಿದ್ದೆ. ಆ ಲೋಟ ನಮ್ಮ ಮನೆಯದೇ ಎಂಬುದು, ದಿನಾ ಅದಕ್ಕೆ ನೀರು ತುಂಬಿಡುತ್ತಿದ್ದವಳು ನನ್ನ ಹೆಂಡತಿಯೇ ಎಂಬುದು ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಪರರ ತಪ್ಪು ಹುಡುಕಿದ ಕಣ್ಣಿಗೆ ಸ್ವಂತ ಮನೆಯ ಲೋಟದ ಗುರುತು ಹತ್ತಲಿಲ್ಲ.

ಇಲ್ಲಿ ನನ್ನ ಕಸುಬಿನ ಒಂದು ಪದ್ಧತಿಯನ್ನು ಹೇಳಬೇಕು. ಕರಡು ತಿದ್ದುವಾಗ ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ. ಅಲ್ಪವಿರಾಮ ಬಂದರೆ 'ಅಲ್ಪವಿರಾಮ' ಎಂದೇ ಓದಬೇಕು, ಪೂರ್ಣವಿರಾಮ ಬಂದರೆ 'ಪೂರ್ಣವಿರಾಮ'. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಹೋಲಿಸಿ ನೋಡಬೇಕು. ಓದುವವರು ಬರಹದ ಬಗ್ಗೆ ಅಭಿಪ್ರಾಯ ಹೇಳುವಂತಿಲ್ಲ. ಹೇಳತೊಡಗಿದರೆ ಕೆಲಸ ಮುಗಿಯುವುದೇ ಇಲ್ಲ. ನಿಮಗೆ ಬರೆದ ಅರ್ಜಿಗಳನ್ನೂ ನಾನು ಇದೇ ಶಿಸ್ತಿನಲ್ಲಿ ಸಿದ್ಧಪಡಿಸುತ್ತಿದ್ದೆ. ಕರಡನ್ನು ಇವಳು ಓದುತ್ತಿದ್ದಳು, ಶುದ್ಧಪ್ರತಿ ನನ್ನ ಕೈಯಲ್ಲಿರುತ್ತಿತ್ತು. ಹತ್ತು ಅರ್ಜಿಗಳನ್ನು ಒಂದೂ ಮಾತಾಡದೆ ಓದಿಕೊಟ್ಟಳು. ಹನ್ನೊಂದನೆಯದರ ಮೂರನೇ ಪ್ಯಾರಾದಲ್ಲಿ ನಿಂತಳು.

"ಇಲ್ಲೊಂದು ತಪ್ಪಿದೆ ರೀ."

"ಏನು, ಒತ್ತು ಬಿಟ್ಟಿದೀನಾ?"

"ಒತ್ತಲ್ಲ. 'ಅಪರಿಚಿತರು ಮನೆಯೆದುರು ತಂಗುವುದರಿಂದ' ಅಂತ ಬರೆದಿದೀರಲ್ಲ. ಅವರು ಅಪರಿಚಿತರಲ್ಲ."

"ಅದು ಅಚ್ಚಿನ ತಪ್ಪಲ್ಲ ಮಾರಾಯ್ತಿ. ಮುಂದೆ ಓದು."

ಅವಳು ಮುಂದೆ ಓದಿದಳು. ಕೊನೆಯ ಪೂರ್ಣವಿರಾಮವನ್ನೂ ಓದಿ, ಹಾಳೆ ಮಡಿಸಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆ ಅರ್ಜಿಯನ್ನೇ ನೀವು ಮನ್ನಿಸಿದಿರಿ.

ಕಂಬ ಹೋದ ಮೇಲೆ ಬೀದಿ ನಾನು ಬಯಸಿದಂತೆಯೇ ಆಯಿತು. ಬಸ್ಸೇನೋ ಇದೇ ಬೀದಿಯಲ್ಲಿ ಓಡುತ್ತದೆ, ಆದರೆ ನಿಲ್ಲುವುದಿಲ್ಲ. ಮುಂದಿನ ವರ್ಷ ನಾನು ನಿವೃತ್ತನಾದೆ. ಪತ್ರಿಕೆ ಹಿಡಿದು ಕೂತು, "ಎಷ್ಟು ಹಾಯಾಗಿದೆ ನೋಡು" ಎನ್ನುತ್ತಿದ್ದೆ. "ಹೂಂ" ಎನ್ನುತ್ತಿದ್ದಳು. ಕಿಟಕಿಯ ಬಳಿಯಿದ್ದ ತನ್ನ ಕುರ್ಚಿಯನ್ನು ಅವಳು ಅಡುಗೆಮನೆಗೆ ಎಳೆದುಕೊಂಡು ಹೋಗಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ನಾನು ಮನೆಯಲ್ಲಿ ಕೂತ ಐದನೇ ತಿಂಗಳು ಅವಳು ತೀರಿಕೊಂಡಳು. ನಿಲ್ದಾಣ ಹೋದದ್ದರಿಂದ ಅವಳು ಹೋದಳೆಂದು ನಾನು ಹೇಳುತ್ತಿಲ್ಲ, ನೀವು ಗಾಬರಿಯಾಗಬೇಡಿ. ವೈದ್ಯರು ಹೃದಯ ಎಂದು ಬರೆದುಕೊಟ್ಟಿದ್ದಾರೆ. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ತಿಂಗಳುಗಳ ಮಾತು. ಅವಳನ್ನು ಒಂಟಿ ಮಾಡಿದವನು ನಾನು. ಅದಕ್ಕೆ ಮೊಹರು ಒತ್ತಿದವರು ನೀವು.

ಇದೆಲ್ಲ ನನಗೆ ತಿಳಿದದ್ದು ಅವಳು ಹೋಗಿ ತಿಂಗಳಾದ ಮೇಲೆ. ಆಸ್ಪತ್ರೆಯ ಸಮವಸ್ತ್ರದಲ್ಲಿದ್ದ ನರ್ಸ್ ಒಬ್ಬಳು ಗೇಟಿನ ಹತ್ತಿರ ಬಂದು, "ಅಕ್ಕ ಇಲ್ವಾ? ಬಸ್ಸಿಂದ ನೋಡ್ತಾನೇ ಇದೀನಿ, ಕಿಟಕಿ ಮುಚ್ಚೇ ಇರತ್ತೆ" ಎಂದಳು. ನಾನು ವಿಷಯ ಹೇಳಿದೆ. ಅವಳು ಗೋಡೆಯ ಮೇಲೆ, ಯಾವ ಗೋಡೆಯ ಬಗ್ಗೆ ನಾನು ಹನ್ನೊಂದು ಸಲ ಬರೆದಿದ್ದೆನೋ ಅದರ ಮೇಲೆ, ಕೂತುಬಿಟ್ಟಳು. ಮೂಗು ಒರೆಸಿಕೊಂಡು ಹೇಳಿದಳು: "ನಾನು ದಿನಾ ಲೇಟು ಅಣ್ಣ. ಆ ತಿರುವಿಂದ ಓಡಿ ಬರ್ತಿದ್ರೆ ಅಕ್ಕ ಕಿಟಕೀಲಿ ಕೈ ಹೊರಗೆ ಹಾಕಿ ಡ್ರೈವರ್‌ಗೆ ತಡೀರಿ ತಡೀರಿ ಅನ್ನೋರು. ಡ್ರೈವರ್ ಬೈಕೊಂಡ್ರೂ ತಡೆಯೋನು. ನನ್ನ ಕೆಲಸ ಉಳಿದಿದ್ದೇ ಅಕ್ಕನಿಂದ."

ಕಿಟಕಿಯ ನೀಲಿ ಪರದೆ ಹೊಲಿದುಕೊಟ್ಟವನು ಒಂಬತ್ತು ಗಂಟೆಯ ಬಸ್ಸಿನ ದರ್ಜಿ ಎಂದು ಅವಳಿಂದಲೇ ತಿಳಿಯಿತು. ಕೊರಳಿನ ಅಳತೆಪಟ್ಟಿ ತೆಗೆಯಲು ಮರೆತು ಬರುತ್ತಿದ್ದ ಅವನಿಗೆ ಇವರೆಲ್ಲ 'ಟೇಪಣ್ಣ' ಎನ್ನುತ್ತಿದ್ದರಂತೆ. ಎಂಟು ವರ್ಷ ಆ ಪರದೆಯನ್ನು ಸರಿಸಿ ನಾನು ಈ ಜನರನ್ನು ದುರುಗುಟ್ಟಿ ನೋಡಿದ್ದೇನೆ.

ನನ್ನ ಹೆಂಡತಿಯ ಕುರ್ಚಿಯನ್ನು ಮತ್ತೆ ಕಿಟಕಿಯ ಬಳಿಗೆ ತಂದಿದ್ದೇನೆ. ಎಂಟೂ ನಲವತ್ತರ ಬಸ್ಸಿನಲ್ಲಿ ನರ್ಸ್ ಹಾದುಹೋಗುತ್ತಾಳೆ, ಕೈ ಎತ್ತುತ್ತಾಳೆ. ನಾನು ಕೈ ಎತ್ತುವಷ್ಟರಲ್ಲಿ ಬಸ್ ಬೀದಿಯ ಕೊನೆ ದಾಟಿರುತ್ತದೆ. ಮುಂದಿನ ಬಸ್ಸಿನವರೆಗೆ ಬೀದಿಯಲ್ಲಿ ಏನೂ ನಡೆಯುವುದಿಲ್ಲ. ದಿನವೊಂದಕ್ಕೆ ನಾನು ಆಡುವ ಮಾತು ಹಾಲಿನವನಿಗೆ ಹೇಳುವ "ಅರ್ಧ ಲೀಟರ್ ಸಾಕು" ಎನ್ನುವುದಷ್ಟೇ.

ಹಾಗಾಗಿ ಹನ್ನೆರಡನೇ ಅರ್ಜಿ ಬರೆದೆ, ಕಂಬವನ್ನು ತಂದು ನೆಡಿ ಎಂದು. ಈಗ ನಿಮ್ಮ ಉತ್ತರದ ವಿಚಾರ. 'ಅಪರಿಚಿತರು ಮನೆಯೆದುರು ತಂಗುವುದರಿಂದ ನಿವಾಸಿಗಳ ನೆಮ್ಮದಿಗೆ ಭಂಗ ಬರುತ್ತದೆಂಬುದು ಈಗಾಗಲೇ ಸಾಬೀತಾಗಿರುವುದರಿಂದ ಮನವಿಯನ್ನು ತಿರಸ್ಕರಿಸಲಾಗಿದೆ.' ಭಲೇ. ನನ್ನ ವಾಕ್ಯವನ್ನು ನನಗೇ ತಿರುಗಿಸಿದಿರಿ, ಅದೂ ಒಂದು ಅಕ್ಷರ ಆಚೀಚೆ ಮಾಡದೆ. ಜೊತೆಗೆ ಷರತ್ತು: ಬೀದಿಯ ಇಪ್ಪತ್ತೈದು ನಿವಾಸಿಗಳ ಸಹಿ ತಂದರೆ ಮರುಪರಿಶೀಲಿಸಲಾಗುವುದು.

ಸಹಿಗೆಂದು ಮನೆಮನೆ ಸುತ್ತಿದೆ. ಒಂಬತ್ತನೇ ನಂಬರಿನವರು ಬಾಗಿಲು ತೆರೆಯದೆ, ಪಕ್ಕದ ಗೋಡೆಯ ಇಂಟರ್‌ಕಾಮ್ ಯಂತ್ರದಿಂದಲೇ ಮಾತಾಡಿದರು. "ನಿಲ್ದಾಣ ಇಲ್ಲ ಅಂತ್ಲೇ ಈ ಮನೆ ತಗೊಂಡಿದ್ದು ಸಾರ್," ಎಂದರು. ತಪ್ಪೇನಿದೆ? ನನ್ನ ಬುದ್ಧಿಯೇ ಅವರಿಗೂ ಬಂದಿದೆ. ಎದುರುಮನೆಯ ಹೆಂಗಸು ಬಾಗಿಲನ್ನು ಒಂದು ಗೇಣು ತೆರೆದು, "ನೀವು ಯಾವ ಮನೆಯೋರು?" ಎಂದು ಕೇಳಿದರು.

"ಎದುರುಗಡೆ ಹದಿನಾಲ್ಕು."

"ಹೌದಾ? ಆ ಆಂಟಿ ಹೋದ್ಮೇಲೆ ಮನೆ ಖಾಲಿ ಇದೆ ಅಂದ್ಕೊಂಡಿದ್ವಿ."

ಈ ಬೀದಿಯಲ್ಲಿ ನನ್ನದು ಹತ್ತನೇ ವರ್ಷ. ಪಟ್ಟಿಯಲ್ಲಿ ಈಗ ಒಂದು ಸಹಿ ಇದೆ, ಅದು ನನ್ನದೇ. ನರ್ಸ್ ಹಾಕಲು ಸಿದ್ಧಳಿದ್ದಾಳೆ, ಟೇಪಣ್ಣನೂ ಹಾಕುತ್ತಾನಂತೆ. ಆದರೆ ಅವರು ಈ ಬೀದಿಯ ನಿವಾಸಿಗಳಲ್ಲ ಎಂದು ನಿಮ್ಮ ಗುಮಾಸ್ತರು ಪಟ್ಟಿಯನ್ನು ಹಿಂದಕ್ಕೆ ತಳ್ಳಿದರು. ದಿನಾ ಇಲ್ಲಿ ನಿಂತು, ಕೂತು, ನೀರು ಕುಡಿದು, ನನ್ನ ಹೆಂಡತಿಯ ಕ್ಷೇಮ ವಿಚಾರಿಸಿದವರು ನಿವಾಸಿಗಳಲ್ಲ. ಬಾಗಿಲು ಜಡಿದುಕೊಂಡು, ಎದುರುಮನೆಯಲ್ಲಿ ಜೀವ ಇದೆಯೋ ಇಲ್ಲವೋ ತಿಳಿಯದವರು ನಿವಾಸಿಗಳು. ಈ ಲೆಕ್ಕವನ್ನು ನಿಮಗೆ ಯಾವ ಶಾಲೆಯಲ್ಲಿ ಹೇಳಿಕೊಟ್ಟರು ಸ್ವಾಮಿ?

ನನ್ನ ಬೇಡಿಕೆ ದೊಡ್ಡದೇನಲ್ಲ. ಚಾವಣಿ ಬೇಡ, ಬೆಂಚು ಬೇಡ, ವೇಳಾಪಟ್ಟಿಯ ಹಲಗೆಯೂ ಬೇಡ. ಆ ಒಂದು ಕಂಬ ತಂದು ನೆಡಿ. ಕೂರುವುದಕ್ಕೆ ನಮ್ಮ ಗೋಡೆ ಇದೆ, ಅದರ ಮೇಲೆ ಲೋಟವನ್ನು ಈಗಾಗಲೇ ಇಟ್ಟಿದ್ದೇನೆ. ಪ್ರಯಾಣಿಕರ ಬೇಡಿಕೆ ಇಲ್ಲವೆಂದು ಬರೆಯುವ ಮೊದಲು ನನ್ನನ್ನೂ ಒಬ್ಬನೆಂದು ಎಣಿಸಿಕೊಳ್ಳಿ. ನನಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಆದರೂ ದಿನಾ ಹತ್ತುತ್ತೇನೆ, ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ಬರುತ್ತೇನೆ. ಹಾಗೆಯೇ, ನಿಮ್ಮ ಕಡತದಲ್ಲಿರುವ ಹನ್ನೊಂದನೇ ಅರ್ಜಿಯ ಮೂರನೇ ಪ್ಯಾರಾದಲ್ಲಿ ಒಂದು ತಪ್ಪು ಉಳಿದುಹೋಗಿದೆ. 'ಅಪರಿಚಿತರು' ಎಂಬಲ್ಲಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯಿರಿ. ಆಗಲೇ ಒಬ್ಬರು ತೋರಿಸಿದ್ದರು, ನಾನು ತಿದ್ದಲಿಲ್ಲ.

ಈ ಪತ್ರದಲ್ಲಿಯೂ ತಪ್ಪುಗಳಿರಬಹುದು, ಕ್ಷಮಿಸಿ. ಗಟ್ಟಿಯಾಗಿ ಓದಿಕೊಡಲು ಮನೆಯಲ್ಲಿ ಯಾರೂ ಇಲ್ಲ.

ಇಂತಿ,
ಖಾಲಿ ಇದೆಯೆಂದು ಬೀದಿಯವರು ತಿಳಿದಿರುವ ಹದಿನಾಲ್ಕನೇ ಮನೆಯವನು