ಕಷಾಯದ ಅಳತೆ ಕೇಳಿದ ರುದ್ರವ್ವನಿಗೆ

ಖಡಕಿ, ಪುಣೆ
ಶುಕ್ರವಾರ, 18 ಜುಲೈ 2025

ಪ್ರೀತಿಯ ಗೆಳತಿ ರುದ್ರವ್ವನಿಗೆ ರೇಣು ಮಾಡುವ ಶರಣು.

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಕೈ ಏಳುತ್ತಿಲ್ಲ, ಶಿವರಾಜ ಕ್ಷೇಮವಾಗಿಲ್ಲ ಎಂದು ನನಗೆ ಗೊತ್ತಿದೆ. ನಾನು ಉಂಡು ತಿಂದು ಇದ್ದೇನೆ. ನಮ್ಮವರು ಹೋದ ಮೇಲೆ ನೀನು ಬರೆದ ಎರಡು ಕಾಗದಕ್ಕೂ ಉತ್ತರ ಕೊಡಲಿಲ್ಲ, ಮುಂದಿನ ತಿಂಗಳಿಗೆ ವರ್ಷವಾಗುತ್ತದೆ. ಸಿಟ್ಟಾಗಬೇಡ. ಬರೆಯಲು ಕೂತರೆ ನಿಜ ಬರೆಯಬೇಕಾಗುತ್ತದೆ ಎಂದು ಹೆದರಿ ಸುಮ್ಮನಿದ್ದೆ. ಈ ಮಂಗಳವಾರದಿಂದ ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು.

ಮಂಗಳವಾರ ನೀನು ಫೋನಿನಲ್ಲಿ ಎಷ್ಟು ಖುಷಿಯಿಂದ ಮಾತಾಡಿದೆ. "ಏ ರೇಣು, ನಿನ್ನ ವಿಡಿಯೋ ನಮ್ಮ ಅಥಣಿಗೂ ಬಂದದ ನೋಡು. ಶಿವರಾಜಗ ಮಿರಜದಾಗ ಹೊಟ್ಟಿಗೆ ಕ್ಯಾಮೆರಾ ಬಿಟ್ಟು ನೋಡಿದ್ರು. ಜಠರದಾಗ ಬ್ಯಾಕ್ಟೀರಿಯಾ ಅದಾವ, ಹುಣ್ಣು ಆಗೇದ ಅಂತ ಹದಿನಾಲ್ಕ ದಿನದ ಗುಳಿಗಿ ಕೊಟ್ಟಾರ. ಐದನೇ ದಿನಕ್ಕ ಬಾಯೆಲ್ಲಾ ಕಹಿ ಆಗಿ ಊಟಾನೇ ಬಿಟ್ಟ. ನಿನ್ನ ವಿಡಿಯೋ ನೋಡಿ ನಾನೇ ಗುಳಿಗಿ ಬಂದ್ ಮಾಡಿಸೇನಿ. ಕಷಾಯದ ಅಳತಿ ಒಂದು ಸರಿಯಾಗಿ ಹೇಳು," ಅಂದೆ. ಗುಳಿಗಿ ಬಿಡಿಸಬ್ಯಾಡ ಅಂತ ನಾನು ಹೇಳಿದ್ದಕ್ಕೆ ನೀನು ನಕ್ಕೆ. "ನಿಮ್ಮವರಿಗೆ ನೀನೇ ಬಿಡಿಸಿ ಗುಣಾ ಮಾಡ್ಕೊಂಡಿ. ನಮಗ ಹೇಳಿಕೊಡಾಕ ಹೊಟ್ಟಿಕಿಚ್ಚೇನು?" ಅಂದೆ. ಬುಧವಾರ ಮತ್ತೆ ಮಾಡಿದರೆ ಅದೇ ಮಾತು. ನಮ್ಮ ಚನ್ನವೀರ ಶಿವರಾಜನಿಗೇ ಫೋನ್ ಮಾಡಿ ಹೇಳಿದ. ಅವನು "ಅವ್ವನ್ನ ಕೇಳ್ರಿ" ಅಂದನಂತೆ. ಮೂವತ್ತನಾಲ್ಕು ವರ್ಷದ ಮಗ, ಇನ್ನೂ ನಿನ್ನ ಸೆರಗು ಬಿಟ್ಟಿಲ್ಲ. ಆದ್ದರಿಂದ ನಿನ್ನನ್ನು ಒಪ್ಪಿಸದೆ ನನಗೆ ಬೇರೆ ದಾರಿಯಿಲ್ಲ. ಫೋನಿನಲ್ಲಾದರೆ ನಾನು ಅರ್ಧ ಹೇಳಿ "ಊಟ ಆತೇನು" ಅಂತ ಕೇಳಿ ತಪ್ಪಿಸಿಕೊಳ್ಳುತ್ತೇನೆ, ಕಾಗದದಲ್ಲಿ ಹಾಗೆ ಓಡಲು ಬರುವುದಿಲ್ಲ.

ರುದ್ರವ್ವ, ಅಳತೆ ಕೊಡುವುದಿಲ್ಲ. ಕೇಳಿದವರಿಗೆಲ್ಲ ಕೊಟ್ಟಿದ್ದೇನೆ, ನಿನಗೆ ಕೊಡುವುದಿಲ್ಲ. ನಮ್ಮವರು ಹಾರ್ಟ್ ಅಟ್ಯಾಕ್ ಆಗಿ ಹೋದರು ಎಂದು ನಿನಗೂ ಹೇಳಿದ್ದೆವು, ಎಲ್ಲರಿಗೂ ಹೇಳಿದ್ದೆವು. ಕೊನೆಗೆ ನಿಂತದ್ದು ಹಾರ್ಟೇ, ಅದು ಸುಳ್ಳಲ್ಲ. ಆದರೆ ಅದು ನಿಂತದ್ದು ಮೈಯೊಳಗೆ ರಕ್ತ ಉಳಿಯದ ಕಾರಣಕ್ಕೆ. ರಕ್ತ ಹೋದದ್ದು ಹೊಟ್ಟೆಯ ಹುಣ್ಣಿನಿಂದ. ಶಿವರಾಜನಿಗೆ ಈಗ ಆಗಿದೆಯಲ್ಲ, ಅದೇ ಬ್ಯಾಕ್ಟೀರಿಯಾ, ಅದೇ ಹುಣ್ಣು, ಅದೇ ಹದಿನಾಲ್ಕು ದಿನದ ಗುಳಿಗೆ.

ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ಮೇ ತಿಂಗಳಲ್ಲಿ ಅವರಿಗೆ ಎದೆಯ ಕೆಳಗೆ ಉರಿ, ತೇಗು, ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿದ ಹಾಗೆ. ಚನ್ನವೀರ ರಜೆ ಹಾಕಿ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರ್ ಮೂರು ಬಗೆಯ ಗುಳಿಗೆ ಬರೆದುಕೊಟ್ಟು, ಒಂದು ದಿನವೂ ತಪ್ಪಬಾರದು ಎಂದು ಎರಡೆರಡು ಸಲ ಹೇಳಿ ಕಳಿಸಿದರಂತೆ. ನಾಲ್ಕು ದಿನ ನುಂಗಿದರು. ಐದನೆಯ ದಿನ ತಟ್ಟೆ ಸರಿಸಿ, "ಏನ್ ತಿಂದ್ರೂ ಕಬ್ಬಿಣ ನೆಕ್ಕಿದಂಗ ಆಗ್ತದ, ರೇಣು," ಎಂದರು. ಅಷ್ಟು ಸಾಕಾಯಿತು ನನಗೆ. ಗುಳಿಗೆಗಳನ್ನೆಲ್ಲ ಕಟ್ಟಿ ಎತ್ತಿಟ್ಟು ಕಷಾಯಕ್ಕೆ ಒಲೆ ಹಚ್ಚಿದೆ.

ನನ್ನ ಸೊಕ್ಕು ನಿನಗೆ ಗೊತ್ತಲ್ಲ. ನಮ್ಮ ಕಟ್ಟಡದಲ್ಲಿ ಯಾರು ಏನು ತಿಂದು ಹೊಟ್ಟೆ ಕೆಡಿಸಿಕೊಂಡರೂ ನನ್ನ ಬಾಗಿಲಿಗೇ ಬರುತ್ತಿದ್ದರು. ಮರಾಠಿ ಮಂದಿ "ರೇಣು ಕಾಕೂಂಚಾ ಕಾಢಾ", ರೇಣು ಕಾಕುವಿನ ಕಷಾಯ, ಎಂದು ಸ್ಟೀಲ್ ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ದಾಳಿಂಬೆ ಸಿಪ್ಪೆ, ಅಜವಾನ, ಜ್ಯೇಷ್ಠಮಧು, ಮೇಲೆ ಜೇನುತುಪ್ಪ. ಕುಡಿದು ಎರಡು ದಿನಕ್ಕೆ ಎದ್ದು ಓಡಾಡುತ್ತಿದ್ದರು. ಆ ಭೇದಿಗಳೆಲ್ಲ ಕಷಾಯ ಕುಡಿಯದಿದ್ದರೂ ಎರಡು ದಿನಕ್ಕೆ ಹೋಗುವಂಥವೇ ಎಂದು, ಕೊನೆಗೆ ಇವರನ್ನು ನೋಡಿದ ದವಾಖಾನೆಯ ಡಾಕ್ಟರೀಣಬಾಯಿ ನನಗೆ ಆಮೇಲೆ ಹೇಳಿದಳು. ಮೂವತ್ತು ವರ್ಷ ನಾನು ಪಡೆದ ಹೊಗಳಿಕೆ ಆ ಒಂದು ಮಾತಿನಲ್ಲಿ ಮುಗಿಯಿತು.

ಎಂಟು ದಿನಕ್ಕೆ ಅವರ ಉರಿ ನಿಂತಿತು. ಎರಡು ರೊಟ್ಟಿ ತಿಂದರು. ಒಳಗೆ ಹೋದ ನಾಲ್ಕು ದಿನದ ಗುಳಿಗೆಯಿಂದ ಅಷ್ಟು ಆರಾಮ ಬಂದಿತ್ತಂತೆ. ನಾನು ಅದನ್ನು ಕಷಾಯದ ಹೆಸರಿಗೆ ಬರೆದುಕೊಂಡೆ. ಚನ್ನವೀರ ವಿಮಾನ ನಗರದ ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗಲೇ "ಅಪ್ಪಾಂದು ಗುಳಿಗಿ ಆತೇನು?" ಎಂದು ಕೇಳುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಇವರು ಪೇಪರಿನ ಹಿಂದೆ ಮುಖವಿಟ್ಟುಕೊಳ್ಳುತ್ತಿದ್ದರು.

ಆಗ ಬಂದದ್ದು ನೀನು ನೋಡಿದ ಆ ವಿಡಿಯೋ. ನಮ್ಮ ಮೇಲಿನ ಮನೆಯಲ್ಲಿ ಶೀತಲ್ ಅಂತ ಇದ್ದಾಳೆ, ಖರಾಡಿಯಲ್ಲಿ ಕಂಪ್ಯೂಟರ್ ಕೆಲಸ, ಒಳ್ಳೆಯ ಹುಡುಗಿ. ಇಲ್ಲಿನ ಕನ್ನಡ ಹೆಣ್ಣುಮಕ್ಕಳ ಗ್ರೂಪನ್ನು ಅವಳೇ ನಡೆಸುತ್ತಾಳೆ. "ಕಾಕೂ, ಅಪ್ಪಾಸಾಹೇಬ ಕಾಕಾನ್ನ ಬಾಜೂಕ ಕುಂದ್ರಿಸ್ಕೊಂಡು ಹೇಳ್ರಿ, ಮಂದಿಗೆ ಉಪಯೋಗ ಆಗ್ತದ," ಅಂದಳು. ಕಷಾಯ ಕುದಿಯುವುದನ್ನು ತೋರಿಸಿದೆ, ಗುಳಿಗೆ ಬಿಡಿಸಿದ್ದನ್ನೂ ದೊಡ್ಡ ಶೌರ್ಯದ ಹಾಗೆ ಹೇಳಿದೆ. ಕೊನೆಯಲ್ಲಿ ಇವರು ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು "ಈಗ ನಾ ಪೂರಾ ಆರಾಮ ಅದೀನ್ರಿ" ಅಂದರು. ಆಗಿದ್ದು ಜೂನ್ ಎರಡನೆಯ ವಾರ. ಆಗಸ್ಟ್ ಮುಗಿಯುವ ಮೊದಲೇ ಅವರು ಇರಲಿಲ್ಲ.

ಈಗ ಮುಖ್ಯವಾದದ್ದು, ಇದನ್ನು ಶಿವರಾಜನಿಗೂ ಓದಿ ಹೇಳು. ಕಷಾಯವನ್ನು ನಾನು ಕಬ್ಬಿಣದ ಕಡಾಯಿಯಲ್ಲೇ ಕುದಿಸುತ್ತಿದ್ದೆ, ನಮ್ಮ ಆಯಿ ಹಾಗೇ ಮಾಡುತ್ತಿದ್ದಳು. ದಾಳಿಂಬೆ ಸಿಪ್ಪೆ ಕಬ್ಬಿಣಕ್ಕೆ ಸೇರಿದರೆ ಮಸಿಯ ಹಾಗೆ ಕರ್ರಗಾಗುತ್ತದೆ. ಎಷ್ಟು ಕರ್ರಗಾದರೆ ಅಷ್ಟು ಗುಣ ಎಂದು ನಮ್ಮ ನಂಬಿಕೆ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವರು ಪಾಯಖಾನೆಯಿಂದ ಬಂದವರು ಸಂಕೋಚದಿಂದ, "ಯಾಕೋ ಭಾಳ ಕರ್ರಗ ಆಗೇದ, ಡಾಂಬರಿನಂಗ," ಅಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ತಿರುಗಿಯೂ ನೋಡಲಿಲ್ಲ. "ಕಷಾಯದ ಬಣ್ಣಾರೀ ಅದು. ಒಳಗಿನ ಹೊಲಸೆಲ್ಲಾ ಹೊಂಟದ, ಚೊಲೋನ ಆತು," ಅಂದೆ. ಅವತ್ತಿನಿಂದ ಒಂದು ಲೋಟದ ಬದಲು ಎರಡು ಲೋಟ ಕೊಟ್ಟೆ.

ಅದು ರಕ್ತ, ರುದ್ರವ್ವ. ಹುಣ್ಣಿನಿಂದ ಜಿನುಗಿದ ರಕ್ತ ಕರುಳಿನಲ್ಲಿ ಇಳಿದು ಬರುವಾಗ ಕರ್ರಗಾಗುತ್ತದಂತೆ. ಅವರು ಮೆಟ್ಟಿಲು ಹತ್ತುವಾಗ ನಡುವೆ ಕೂರುತ್ತಿದ್ದರು, ಮುಖ ಬಿಳಿಚಿಕೊಂಡಿತ್ತು. ವಯಸ್ಸಾಯಿತು ಅಂತ ತಮಾಷೆ ಮಾಡಿದೆ. ಒಂಬತ್ತನೆಯ ದಿನ ಭಾನುವಾರ ಬೆಳಿಗ್ಗೆ ದಾಡಿ ಮಾಡಿಕೊಳ್ಳುತ್ತ ನಿಂತಲ್ಲೇ ಕುಸಿದರು. ಚಹಾದ ಚರಟದಂಥ ವಾಂತಿಯಾಯಿತು. ದವಾಖಾನೆಯಲ್ಲಿ ಡಾಕ್ಟರೀಣಬಾಯಿ ಕರ್ರಗ ಆಗುವುದು "ಕಿತೀ ದಿವಸಾಂಪಾಸೂನ, ಆಜೀ?" ಎಷ್ಟು ದಿನದಿಂದ, ಎಂದು ನನ್ನನ್ನು ಕೇಳಿದಳು. ಒಂಬತ್ತು ದಿನ ಎಂದು ಹೇಳುವಾಗ ಚನ್ನವೀರ ಪಕ್ಕದಲ್ಲೇ ನಿಂತಿದ್ದ. ಗುಳಿಗೆ ಪೂರ್ತಿ ಮಾಡಿದ್ದರೆ ಹುಣ್ಣು ಮಾಯುವ ಸಾಧ್ಯತೆ ಬಹಳ ಇತ್ತು, ಕರ್ರಗಾದ ಮೊದಲ ದಿನ ಬಂದಿದ್ದರೂ ಏನಾದರೂ ಮಾಡಬಹುದಿತ್ತು ಎಂದಳು. ಬೈಯಲಿಲ್ಲ. ಆರು ಬಾಟಲಿ ರಕ್ತ ಕೊಟ್ಟರು. ಮಂಗಳವಾರ ಮಧ್ಯಾಹ್ನ ಎಲ್ಲ ಮುಗಿಯಿತು.

ಚನ್ನವೀರ ಇದುವರೆಗೆ ನನ್ನ ಮೇಲೆ ದನಿ ಎತ್ತರಿಸಿಲ್ಲ. ಒಂದೇ ಒಂದು ಸಲ, ಹದಿಮೂರನೆಯ ದಿನವೋ ಏನೋ, "ಅವ್ವಾ, ನಾ ದಿನಾ ಕೇಳ್ತಿದ್ದೆ. ನೀ ಹೂಂ ಅಂತಿದ್ದಿ," ಅಂದ. ಅಷ್ಟೇ. ಮಾಡಿದ್ದನ್ನು ಉಣ್ಣುತ್ತಾನೆ, ಹಬ್ಬಕ್ಕೆ ಸೀರೆ ತರುತ್ತಾನೆ. ಆದರೆ ಹೋದ ತಿಂಗಳು ಅವನಿಗೆ ನಾಲ್ಕು ದಿನ ಜ್ವರ ಇತ್ತೆಂದು ನನಗೆ ತಿಳಿದದ್ದು ಶೀತಲ್‌ಳಿಂದ. ನನ್ನ ಮನೆಯಲ್ಲೇ ಮಲಗಿ ಎದ್ದು, ನನಗೆ ಗೊತ್ತಾಗದ ಹಾಗೆ ಡಾಕ್ಟರ ಹತ್ತಿರ ಹೋಗಿ ಬಂದಿದ್ದ. ಇನ್ನೊಬ್ಬರ ಹೊಟ್ಟೆ ನೋವಿಗೆ ಓಡುತ್ತಿದ್ದ ನನಗೆ ನನ್ನ ಮಗ ತನ್ನ ಜ್ವರ ಹೇಳಲು ಹೆದರುತ್ತಾನೆ. ಇದು ನನಗೆ ತುಂಬ ನೋವು ಕೊಡುತ್ತದೆ.

ಅವರು ಹೋದ ಮೇಲೆ ಆ ವಿಡಿಯೋ ಗ್ರೂಪಿನಿಂದ ಅಳಿಸಿಬಿಡು ಎಂದು ಶೀತಲ್‌ಗೆ ಹೇಳಿದೆ. ಅವಳು ಅಳುತ್ತ ತೆಗೆದಳು. ತನ್ನದನ್ನು ತೆಗೆದರೆ ಏನಾಯಿತು, ಅದು ಎಲ್ಲೆಲ್ಲೋ ಹೋಗಿಬಿಟ್ಟಿತ್ತು. ಸೊಲ್ಲಾಪುರದಿಂದ ಯಾರೋ ಒಬ್ಬಳು ಫೋನ್ ಮಾಡಿ, "ಕಾಕಾ ಆರಾಮ ಅದಾರಲ್ರಿ?" ಎಂದು ಕೇಳಿದಳು. ಅವರು ತೀರಿ ಐದು ತಿಂಗಳಾಗಿತ್ತು. ನಾನು ರಾಂಗ್ ನಂಬರ್ ಎಂದು ಇಟ್ಟೆ. ನೋಡು, ಎಂಥ ಹೇಡಿ ನಾನು. ಅವಳ ಮನೆಯಲ್ಲಿ ಯಾರಿಗೆ ಏನಾಯಿತೋ ತಿಳಿಯದು. ಆ ವಿಡಿಯೋ ಸುತ್ತಿ ಸುತ್ತಿ ನಿನ್ನ ಮನೆಗೇ ಬಂದ ಮೇಲೆ ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ.

ಇವತ್ತೇ, ಈ ಕಾಗದ ಮಡಚುವ ಮೊದಲೇ, ಶಿವರಾಜನನ್ನು ಮಿರಜಕ್ಕೆ ಹೊರಡಿಸು. ಗುಳಿಗೆ ಬಿಟ್ಟ ದಿನಗಳನ್ನು ಡಾಕ್ಟರಿಗೆ ಮುಚ್ಚಿಡಬೇಡ. ಮೊದಲಿನಿಂದ ಶುರು ಮಾಡಿ ಅಂದರೆ ಮೊದಲಿನಿಂದಲೇ. ಬಾಯಿ ಕಹಿಯಾಗುತ್ತದೆ ಎಂದೂ ಹೇಳು, ಬೇಕಾದರೆ ಅವರೇ ಗುಳಿಗೆ ಬದಲಿಸುತ್ತಾರೆ, ನೀನು ಬದಲಿಸಬೇಡ. ಕರ್ರಗಾಯಿತು ಎಂದರೆ ಒಂದು ಗಳಿಗೆ ಕಾಯಬೇಡ. ಮಜ್ಜಿಗೆ ಕೊಡಬಹುದೇ, ಜೀರಿಗೆ ನೀರು ಕೊಡಬಹುದೇ ಎಂಬುದನ್ನೂ ಅವರನ್ನೇ ಕೇಳು, ನನ್ನನ್ನು ಕೇಳಬೇಡ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಐವತ್ತು ವರ್ಷದ ಗೆಳೆತನ ಬೇಡವೆನಿಸಿದರೆ ಅದನ್ನೂ ಬಿಡು. ಅವನ ಗುಳಿಗೆ ಮಾತ್ರ ಬಿಡಿಸಬೇಡ.

ನಾಳೆ ಶನಿವಾರ ಚನ್ನವೀರನಿಗೆ ರಜೆ. ಬೆಳಗಿನ ಬಸ್ಸಿಗೆ ಈ ಕಾಗದ ಹಿಡಿದುಕೊಂಡು ಅವನೇ ಬರುತ್ತಾನೆ. ಮಿರಜಕ್ಕೆ ಜೊತೆಗೆ ಅವನನ್ನೂ ಕರೆದುಕೊಂಡು ಹೋಗಿರಿ, ಇಂಥ ಓಡಾಟದಲ್ಲಿ ಅವನು ಪಳಗಿದ್ದಾನೆ. ನಿಮ್ಮ ಮನೆಯವರಿಗೆ ನನ್ನ ಶರಣು ತಿಳಿಸು. ಶಿವರಾಜನಿಗೆ ನನ್ನ ತುಂಬು ಆಶೀರ್ವಾದ. ಅವನು ನೂರು ವರ್ಷ ಬಾಳಲಿ, ಹೊಟ್ಟೆ ತುಂಬ ಉಣ್ಣಲಿ.

ನಿನ್ನ
ರೇಣು

ತಾ.ಕ.: ಇಷ್ಟು ಬರೆದ ಮೇಲೂ ಒಂದು ಉಳಿಯಿತು. ಇದು ಚನ್ನವೀರನಿಗೂ ಗೊತ್ತಿಲ್ಲ, ಶೀತಲ್‌ಗೂ ಗೊತ್ತಿಲ್ಲ.

ಆ ವಿಡಿಯೋ ಮಾಡಿದ ದಿನ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವರು ನನಗೆ ಮೆಲ್ಲಗೆ ಹೇಳಿದ್ದರು: "ರೇಣು, ನಿನ್ನೆಯಿಂದ ಉರಿ ತಿರುಗಿ ಚಾಲೂ ಆಗೇದ. ಆ ಗುಳಿಗಿ ಮತ್ತ ತೊಗೊಳ್ಲೇನು?" ಹೊರಗೆ ಎಂಟು ಜನ ಹೆಣ್ಣುಮಕ್ಕಳು ಬಂದು ಕೂತಿದ್ದರು. ನಾನು, "ಈಗ ಒಂದ್ ಸಲ ಆರಾಮ ಅದೀನಿ ಅಂತ ಅಂದುಬಿಡ್ರಿ. ಗುಳಿಗಿ ಆಮ್ಯಾಲ ನೋಡೂಣು," ಅಂದೆ. ಅವರು ಬಂದು ಕೂತು ಅಂದರು. ನೀನು ನೋಡಿದ್ದೀಯಲ್ಲ, ಎಷ್ಟು ಚೆನ್ನಾಗಿ ಅಂದರು.

ಹತ್ತು ದಿನದ ಮೇಲೆ ನಾನೇ ಕೇಳಿದೆ, ಗುಳಿಗಿ ಕೊಡ್ಲೇನ್ರಿ ಅಂತ. "ಬ್ಯಾಡ ಬಿಡು. ಅಷ್ಟ ಮಂದಿ ನೋಡ್ಯಾರ. ಈಗ ನಾ ಗುಳಿಗಿ ನುಂಗಿದ್ರ ನೀ ಸುಳ್ಳಾಗ್ತಿ," ಅಂದರು. ನಾನು ಒತ್ತಾಯ ಮಾಡಲಿಲ್ಲ. ನಿಜ ಹೇಳುತ್ತೇನೆ ರುದ್ರವ್ವ, ಆ ಮಾತು ಕೇಳಿ ನನಗೆ ಸಂತೋಷವಾಯಿತು.

ಶಿವರಾಜ ನಿನ್ನ ಕಣ್ಣೆದುರು ಗುಳಿಗೆ ನುಂಗಿದ ಮೇಲೆ ಈ ಹಾಳೆಯನ್ನು ಚನ್ನವೀರನಿಗೆ ಓದಲು ಕೊಡು. ಇಲ್ಲಿ ಅವನ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗಲಿಲ್ಲ. ಓದಿದ ಮೇಲೆ ಅವನು ನಾಲ್ಕು ದಿನ ನಿನ್ನ ಮನೆಯಲ್ಲೇ ಇರುತ್ತೇನೆ ಅಂದರೆ ಇಟ್ಟುಕೋ, ನನಗೆ ಫೋನ್ ಮಾಡು ಎಂದು ಅವನಿಗೆ ಹೇಳಬೇಡ.