ಉಡಚಮ್ಮನ ಜೇನುಗಡಿಗೆ ಮತ್ತು ತಮ್ಮ ಪಂಪು

ಸೊಳ್ಳೆ ನಿವಾರಣೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ತಾವು ನಮ್ಮ ಮನೆಯಲ್ಲಿ ಚಹಾ ಕುಡಿದು, ನನ್ನ ತಾಯಿಯನ್ನು ಬಾಯಿತುಂಬ ‘ಅವ್ವಾ’ ಎಂದು ಕರೆದು, ಅವಳ ಹಿತ್ತಲಿನ ಜೇನನ್ನು ಕೊಲ್ಲಿಸಿದ್ದೀರಿ. ಕೇಳೋಣವೆಂದು ಕಚೇರಿಗೆ ಬಂದಾಗಲೆಲ್ಲ ತಾವು ಕ್ಯಾಂಪಿನಲ್ಲಿದ್ದಿರಿ. ಪತ್ರಿಕೆಯನ್ನಾದರೂ ಕ್ಯಾಂಪಿನಲ್ಲಿ ಓದುತ್ತೀರೆಂದು ನಂಬಿ ಇಲ್ಲಿ ಬರೆಯುತ್ತಿದ್ದೇನೆ.

ನಾನೇನೂ ಮಲೇರಿಯಾದ ವಕೀಲನಲ್ಲ. ಕೊಂಡಜ್ಜಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ನನ್ನ ತಂಗಿ ಚಳಿಜ್ವರದಲ್ಲಿ ನಡುಗುತ್ತಲೇ ತೀರಿಹೋದಳು. ತಮ್ಮ ಆಳುಗಳು ಡಿ.ಡಿ.ಟಿ. ಪಂಪು ಹೊತ್ತು ಕೆ.ಬಿ. ಬಡಾವಣೆಗೆ ಬಂದಾಗ ಪಾತ್ರೆ ಪಡಗ ಹೊರಗಿಟ್ಟು, ದೇವರ ಗೂಡಿನ ಗೋಡೆಯನ್ನೂ ಬಿಡದೆ ಹೊಡೆಸಿದವನು ನಾನು. ಸೊಳ್ಳೆ ಕೂರುವುದು ಗೋಡೆಯ ಮೇಲೆ, ಔಷಧಿ ಬೀಳಬೇಕಾದದ್ದೂ ಗೋಡೆಗೆ, ಹಿತ್ತಲಿಗೆ ಹೊಡೆಯುವ ಪ್ರಶ್ನೆಯೇ ಇಲ್ಲ ಎಂದು ವಿವರಿಸಿದವರು ತಾವು.

ಅಂದು ಹಿತ್ತಲು ನೋಡಲು ಬಂದವರು ಅಲ್ಲೇ ಕೂತಿರಿ. ನನ್ನ ತಾಯಿ ಉಡಚಮ್ಮನ ಕಣ್ಣಿಗೆ ಪೊರೆ ಬಂದಿದೆ, ಬೆಳಕು ನೆರಳಿನ ಹೊರತು ಹೆಚ್ಚೇನೂ ಕಾಣುವುದಿಲ್ಲ. ಆದರೂ ಹೊತ್ತು ಕಳೆಯುವುದೆಲ್ಲ ಹುಳುಹುಪ್ಪಟೆಗಳ ಜೊತೆಗೇ. “ಸದ್ದು ನಿಂತೈತೆ ನೋಡ್ರಿ, ಈಗ ಹೂವಿನಾಗ ಕುಂತೈತೆ. ಎದ್ದಕೂಡ್ಲೆ ಮತ್ತ ಶುರುವಾಗತೈತೆ” ಎಂದು ತಮಗೆ ಜೇನು ಕೇಳಿಸಿದಳು. ನುಗ್ಗೆ ಮರದ ಕೆಳಗೆ ಜೇನು ಸಾಕಿದ ಗಡಿಗೆ, ದುಂಬಿ ಕೊರೆದ ಬಿದಿರಿನ ಗಳ, ಎಕ್ಕದ ಗಿಡದ ಪಟ್ಟೆಪಟ್ಟೆ ಹುಳು, ಎಲ್ಲವನ್ನೂ ತಡಕಾಡುತ್ತಲೇ ತೋರಿಸಿದಳು. ನಿಂಬೆ ಎಲೆಯ ಮೇಲಿನ ಕಂಬಳಿಹುಳದಂಥದ್ದನ್ನು ಕಂಡು ತಾವು ಮುಖ ಕಿವುಚಿದಿರೇನೋ, ನಾನು “ಛೇ ಛೇ, ಮುಟ್ಟಬೇಡಿ” ಎಂದೆ. ಅದಕ್ಕವಳು ನಕ್ಕಳು. “ಪಾತರಗಿತ್ತಿ ಮರಿ ರೀ ಅದು. ಹಕ್ಕಿ ಹಿಕ್ಕೆ ಇದ್ದಂಗೈತೆ ಅಂತ ಮೂಗು ಮುರೀಬ್ಯಾಡ್ರಿ. ಹಕ್ಕೀನೂ ಹಂಗ ತಿಳ್ಕಂಡು ಬಿಟ್ಟು ಹೋಗತೈತೆ.”

ತಾವು ಅವಳ ಕೈ ಹಿಡಿದು, “ಅವ್ವಾ, ನಾನೂ ನಿಮ್ಮ ಮಗ ಇದ್ದಂಗೆ. ಈ ಹಿತ್ತಲಿಗೆ ಪಂಪು ಬರಲ್ಲ, ಇದು ನನ್ನ ಮಾತು” ಎಂದಿರಿ. ಆಮೇಲೆ ಈ ಕಡೆ ಬಂದಾಗಲೆಲ್ಲ ಹಿತ್ತಲಿಗೆ ಬಂದು ಕೂತಿರಿ. ಹೊಸ ಜೇನುತುಪ್ಪ ಇಳಿಸಿದಾಗ ಅವಳು ನನಗಿಂತ ಮೊದಲು ತಮಗೆ ಎತ್ತಿಟ್ಟಳು. ನನಗೇನೂ ಹೊಟ್ಟೆಕಿಚ್ಚಾಗಲಿಲ್ಲ. ಸರಕಾರದಲ್ಲೂ ಇಂಥವರಿದ್ದಾರಲ್ಲ ಎಂದು ಹರಿಹರದ ನನ್ನ ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ.

ನಾವೆಲ್ಲ ಹರಿಹರಕ್ಕೆ ನಂಟರ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದ ದಿನ ತಮ್ಮ ಮೇಲಿನ ಸಾಹೇಬರು ಪರಿಶೀಲನೆಗೆ ಬಂದರು. ಪಾಪ, ಹಾಡುಹಗಲಲ್ಲಿ ಅವರಿಗೆ ತೋರಿಸಲು ಸೊಳ್ಳೆ ಎಲ್ಲಿಂದ ತರುತ್ತೀರಿ? ಪಂಪಿನ ಪ್ರತಾಪ ಕಾಣಬೇಕಾದರೆ ಏನಾದರೂ ಪಟಪಟನೆ ಉದುರಬೇಕಲ್ಲವೇ? ನಡೆದದ್ದನ್ನು ಗೋಡೆಯಾಚೆಯಿಂದ ಕಂಡವರು ಪಕ್ಕದ ಮನೆಯ ಫಕ್ರುನ್ನೀಸಾ.

“ದೊಡ್ಡ ಸಾಹೇಬ್ರು ಕುರ್ಚಿ ಹಾಕ್ಕಂಡು ಕುಂತಿದ್ರು ಮಾಸ್ತರ್ರೇ. ನಿಮ್ಮ ಸಾಹೇಬ್ರು ಬಟ್ಟು ಮಾಡಿ ತೋರಸ್ತಿದ್ರು, ನುಗ್ಗೆ ಕೆಳಗ ಹೊಡಿ, ನಿಂಬೆಗೆ ಹೊಡಿ, ಎಕ್ಕಕ್ಕ ಹೊಡಿ ಅಂತ. ನಾನು ಬ್ಯಾಡ್ರಿ ಅಂದೆ. ಮನೆಯವ್ರು ಒಪ್ಪ್ಯಾರ ಅಂದ್ಬಿಟ್ರು.”

ತಾವು ಬಟ್ಟು ಮಾಡಿದ ಜಾಗಗಳೆಲ್ಲ ನನ್ನ ತಾಯಿ ತೋರಿಸಿಕೊಟ್ಟವೇ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೆ, ಮಾನ್ಯರೇ. ಎಣಿಸಿ ಕಿತ್ತುಕೊಂಡು ಹೋಗುವವರನ್ನು ಈಗಷ್ಟೇ ಕಂಡೆ.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ನಮ್ಮ ಕಡೆ ಒಂದು ನಂಬಿಕೆಯಿದೆ, ಜಗಳ, ಸುಳ್ಳು ಇರುವ ಮನೆಯಲ್ಲಿ ಜೇನು ನಿಲ್ಲುವುದಿಲ್ಲ ಎಂದು. ಜೇನು ತಾನಾಗಿಯೇ ಎದ್ದು ಹೋಯಿತು, ತಪ್ಪು ಈ ಮನೆಯದು ಎಂದು ನನ್ನ ತಾಯಿ ನಂಬಿ ಕೂತಿದ್ದಾಳೆ. ಗುಡಿಸಿದ ಸತ್ತ ಜೇನುಗಳನ್ನು ಅವಳ ಅಂಗೈಯಲ್ಲಿಟ್ಟು ನಡೆದದ್ದನ್ನು ಹೇಳಿದೆ. “ಇವು ಹಿಂದ ಉಳಕಂಡು ಹೊಟ್ಟಿಗಿಲ್ದೆ ಸತ್ತಾವು” ಎಂದಳು. “ಆ ಸಾಹೇಬ್ರು ಮಾತು ಕೊಟ್ಟಾರ. ಇಂಥಾ ಸುಳ್ಳು ಆಡ್ತೀಯ ಅಂತ್ಲೇ ಜೇನು ಎದ್ದು ಹೋಗ್ಯಾವು, ಹಾಲೇಶಿ.”

ಈಗವಳು ಒಬ್ಬೊಬ್ಬರನ್ನೇ ಕರೆದು ಕ್ಷಮೆ ಕೇಳುತ್ತಿದ್ದಾಳೆ. ಎಂದೋ ಒಲೆಯ ಮುಂದೆ ಗದರಿದ್ದಕ್ಕೆ ಸೊಸೆ ಪುಟ್ಟಕ್ಕನ ಕೈ ಹಿಡಿದು ಅತ್ತಳು. ಕೋಳಿಯ ವಿಷಯಕ್ಕೆ ಆಡಿದ ಮಾತಿಗಾಗಿ ಫಕ್ರುನ್ನೀಸಾರ ಮುಂದೆ ಸೆರಗೊಡ್ಡಿದಳು. “ನಾನೇ ಕಣ್ಣಾರೆ ಕಂಡೀನಿ ಅವ್ವಾ, ನಿಮ್ಮ ತಪ್ಪಿಲ್ಲ” ಎಂದು ಆಕೆ ಎಷ್ಟು ಹೇಳಿದರೂ, “ನೀನೂ ನನ್ನ ಮಗನ ಕಡೀಗೇ ಆದ್ಯಾ?” ಎಂದಳು. ಮರದ ತುಂಬ ನುಗ್ಗೆ ಹೂ ಬಿಟ್ಟಿದೆ. ಅವಳು ಹಿತ್ತಲ ಬಾಗಿಲು ಮುಚ್ಚಿಸಿ ಒಳಗೇ ಕೂರುತ್ತಾಳೆ, ಊಟ ಸರಿಯಾಗಿ ಮಾಡುವುದಿಲ್ಲ. ನನಗೆ ಅವಳನ್ನು ನೋಡಲಾಗುತ್ತಿಲ್ಲ, ಮಾನ್ಯರೇ.

ನನಗೆ ಪರಿಹಾರ ಬೇಡ, ವಿಚಾರಣೆಯೂ ಬೇಡ. ತಾವು ನಮ್ಮ ಮನೆಗೆ ಬರಬೇಕು. “ಅವ್ವಾ, ಜೇನು ಎದ್ದು ಹೋಗಲಿಲ್ಲ, ನಾನು ಕೊಲ್ಲಿಸಿದೆ” ಎಂದು ತಮ್ಮ ಬಾಯಿಂದಲೇ ಹೇಳಬೇಕು. ಅವಳು ನಂಬುವುದು ತಮ್ಮೊಬ್ಬರ ಮಾತನ್ನೇ. ಒಂದು ಎಚ್ಚರಿಕೆ ಮಾತ್ರ ಇರಲಿ. ತಮ್ಮ ದನಿ ಕೇಳುತ್ತಲೇ, ಮಗ ತಮ್ಮ ಮೇಲೆ ಸುಳ್ಳು ಹೊರಿಸಿದನೆಂದು ಅವಳೇ ಮೊದಲು ತಮ್ಮ ಕ್ಷಮೆ ಕೇಳುತ್ತಾಳೆ. ಆಗ ದಯವಿಟ್ಟು “ಇರಲಿ ಬಿಡಿ ಅವ್ವಾ” ಎನ್ನಬೇಡಿ.

ಇಂತಿ,
ಹೆತ್ತ ತಾಯಿಯ ಮುಂದೆ ಸುಳ್ಳುಗಾರನಾಗಿ ನಿಂತಿರುವ
ಹಾಲೇಶಪ್ಪ, ಶಾಲಾ ಮಾಸ್ತರ
ಕೆ.ಬಿ. ಬಡಾವಣೆ, ದಾವಣಗೆರೆ
ಫೆಬ್ರವರಿ ೧೯೬೦