ಆ ಏಡಿಗಳನ್ನು ಬಾಯಿಗಿಡಬೇಡ

ಕಾಪೆಸ್ತೇರ್, ಗ್ವಾದಲೂಪ್
ಈಸ್ಟರ್ ಹಿಂದಿನ ಶನಿವಾರ, ಬೆಳಿಗ್ಗೆ

ನನ್ನ ಮೇಲೆ ಮುಖ ಊದಿಸಿಕೊಂಡಿರುವ ಮೊಮ್ಮಗಳು ಲಿಸಿಯಾನ್‌ಗೆ,

ಗುರುವಾರ ವ್ಯಾನು ಓಡಿಸುವ ಗ್ರಾತಿಯೆನ್ ತಂದುಕೊಟ್ಟ ಏಡಿಗಳನ್ನು ಬೇಯಿಸಬೇಡ. ಬೇಯಿಸಿದ್ದರೆ ಬಾಯಿಗಿಡಬೇಡ. ಸಾರು ನೆಕ್ಕಿ ಉಪ್ಪು ನೋಡುವ ಚಾಳಿ ನಿನ್ನದು, ಅದನ್ನೂ ಮಾಡಬೇಡ. ತಿಂದಾಗಿದ್ದರೆ ಮುಚ್ಚಿಡದೆ ಆಸ್ಪತ್ರೆಯಲ್ಲಿ ಹೇಳು.

ಅವು ಉತ್ತರದ ಕಡೆಯ ಶುದ್ಧ ಉಪ್ಪುನೀರಿನ ಕಾಂಡ್ಲಾ ಕಾಡಿನವು, ತನ್ನ ಚಿಕ್ಕಮ್ಮ ಹಿಡಿದದ್ದು ಎಂದು ಅವನು ಹೇಳಿದನಲ್ಲ, ಅದು ಸುಳ್ಳು. ಹೇಳಿಕೊಟ್ಟವಳು ನಾನು. ಏಡಿ ನಮ್ಮ ಹೊಳೆಬಾಯಿಯವೇ. ನೀರಲ್ಲಿ ವಿಷವಿದೆ, ಹಿಡಿಯಬಾರದೆಂದು ಬೋರ್ಡು ನೆಟ್ಟಿದ್ದಾರಲ್ಲ, ಅದರ ಬುಡದಲ್ಲೇ ಬೋನು ಇಟ್ಟಿದ್ದೆ. ಬೋರ್ಡಿನ ನೆರಳು ಏಡಿಗೆ ಇಷ್ಟ.

ಹೊಳೆಬಾಯಿಯ ಏಡಿ ಬಸುರಿಗೆ ಬೇಡ ಎಂದು ನರ್ಸು ಅಂದಳೆಂದು ನೀನು ಫೋನಿನಲ್ಲಿ ಹೇಳಿದಾಗ ನಾನು, "ಆ ನರ್ಸು ಎಷ್ಟು ಹೆತ್ತಿದ್ದಾಳಂತೆ? ನಾನು ಏಡಿ ತಿಂದ್ಕೊಂಡೇ ಏಳು ಹೆತ್ತಿದೀನಿ ಕಣೆ," ಅಂದೆ. "ಹೆತ್ತಿದ್ದು ಏಳು, ಮಾತಾಡೋದು ಎಪ್ಪತ್ತು. ಇನ್ನು ನನ್ನ ಮನೆ ಕಡೆ ಬರಬೇಡ ಅಜ್ಜಿ," ಅಂದು ನೀನು ಫೋನಿಟ್ಟೆ. ಅಂದಿನಿಂದ ನನ್ನ ಫೋನು ಎತ್ತುತ್ತಿಲ್ಲ. ಆದರೂ ಊರೆಲ್ಲ ಏಡಿ ತಿನ್ನುವ ಈಸ್ಟರ್ ಸೋಮವಾರ ನೀನು ಏಡಿಯಿಲ್ಲದ ತಟ್ಟೆಯ ಮುಂದೆ ಕೂರುವುದನ್ನು ನೆನೆದು ಬೋನು ಹಿಡಿದು ಹೊಳೆಗೆ ಹೋದೆ.

ಆಗ ನನಗೆ ಭಯ ಇರಲಿಲ್ಲ ಮಗಳೇ. ಹಿಡಿದ ಏಡಿಯನ್ನು ಪೀಪಾಯಿಗೆ ಹಾಕಿ, ಮಾವಿನೆಲೆ, ಮೆಣಸಿನಕಾಯಿ, ತೆಂಗಿನಕಾಯಿ ಚೂರು ತಿನ್ನಿಸಿ, ಹೊಟ್ಟೆ ಶುದ್ಧ ಮಾಡಿಯೇ ಅಲ್ಲವೇ ನಾವು ತಿನ್ನುವುದು? ಕೆಸರು ಹೋದ ಹಾಗೆ ವಿಷವೂ ಹೋಗುತ್ತದೆ ಎಂದುಕೊಂಡೆ. ನಿನಗೆಂದು ಹಿತ್ತಿಲಿನ ಕೆಸುವಿನ ಗಡ್ಡೆಯ ಸಿಪ್ಪೆಯನ್ನೂ ದಿನಾ ಸುರಿದೆ. ಕೊಬ್ಬಲಿ ಎಂದು.

ವ್ಯಾನು ಹೊರಟ ಮೇಲೆ, ಅದೇ ಗುರುವಾರ ಮಧ್ಯಾಹ್ನ, ಹಿತ್ತಿಲ ಮಣ್ಣು, ಗಡ್ಡೆ ಪರೀಕ್ಷೆಗೆ ಒಯ್ದಿದ್ದ ಸರ್ಕಾರದ ಹುಡುಗಿ ಬಂದಳು. ಇಲ್ಲಿ ಮೊದಲು ಬಾಳೆ ಇತ್ತಾ ಎಂದು ಕೇಳಿದಳು. "ಇತ್ತು. ನಮ್ಮ ಯಜಮಾನ್ರು ಬುಡದ ಹುಳಕ್ಕೆ ವಿಷದ ಪುಡಿ ಹಾಕ್ತಿದ್ರು. ನೀನು ಹುಟ್ಟೋ ಮುಂಚೇನೇ ನಿಲ್ಸಿಬಿಟ್ರು ಬಿಡು," ಅಂದೆ. "ಜನ ನಿಲ್ಸಿದ್ರು, ಮಣ್ಣು ಬಿಟ್ಟಿಲ್ಲ ಅಜ್ಜಿ. ಮಳೆ ನೀರಲ್ಲಿ ಹೊಳೆಗೆ ಹೋಗ್ತಾನೇ ಇದೆ. ನಿಮ್ಮ ಗಡ್ಡೇಲೂ ಇದೆ, ಸಿಪ್ಪೇಲಂತೂ ಜಾಸ್ತಿ," ಅಂದಳು.

ನಾನು ಮೆಲ್ಲಗೆ ಪೀಪಾಯಿಯ ಮಾತೆತ್ತಿದೆ. "ಅಯ್ಯೋ, ಹೊಟ್ಟೆ ಕೆಸರು ಹೋಗತ್ತೆ, ಮಾಂಸಕ್ಕೆ ಸೇರಿದ್ದು ನಾಲ್ಕು ದಿನಕ್ಕೆ ಹೋಗತ್ತಾ? ನೀವು ಅದ್ರ ಮೇಲೆ ಮತ್ತೆ ವಿಷಾನೇ ಬಡಿಸಿದೀರಲ್ಲ!" ಅಂದಳು. ಮನೆಯಲ್ಲಿ ಬಸುರಿಯರಿದ್ದಾರಾ ಎಂದು ಕೇಳಿದಳು. ಮನೆಯಲ್ಲಿ ಯಾರೂ ಇಲ್ಲ ಅಂದೆ. "ಸದ್ಯ. ದಿನ ತುಂಬೋ ಮೊದ್ಲೇ ಹೆರಿಗೆ ಆಗೋ ಭಯ ಇರತ್ತೆ," ಅಂದು ಹೋದಳು. ಎಪ್ಪತ್ತು ಮಾತಿನವಳು ಆಗಲೇ ಫೋನಿಗೆ ಓಡಿದೆ, ನೀನು ಎತ್ತಲಿಲ್ಲ.

ನಿನ್ನೆ ಶುಭ ಶುಕ್ರವಾರ, ವ್ಯಾನು ಓಡಲಿಲ್ಲ. ಇಡೀ ದಿನ ಫೋನು ಮಾಡಿದೆ. ನಿನಗಿನ್ನೂ ಆರೇ ತಿಂಗಳು. ಕಣ್ಣು ಮುಚ್ಚಿದರೆ ಅಂಗೈಯಷ್ಟು ಕೂಸು ಕಾಣುತ್ತದೆ. ನನ್ನನ್ನು ಕ್ಷಮಿಸಬೇಡ, ಬೇಕಾದರೆ ಸಾಯುವವರೆಗೂ ಮಾತು ಬಿಡು. ಏಡಿ ಮಾತ್ರ ಬಿಸಾಕು, ನಾಯಿಗೂ ಹಾಕಬೇಡ.

ಇಂತಿ, ನಿನ್ನ ಫೋನಿಗೆ ಕಾದಿರುವ
ನಿನ್ನ ಅಜ್ಜಿ ಫಿರ್ಮಿನ್

ಇನ್ನೊಂದು ಮಾತು: ಕಾಗದವನ್ನು ಗ್ರಾತಿಯೆನ್ ಕೈಗಿಡಲು ಬಂದವಳು ನಾನೂ ವ್ಯಾನು ಹತ್ತಿಬಿಟ್ಟೆ. ಇಷ್ಟನ್ನು ವ್ಯಾನಿನಲ್ಲಿ ಕೂತು, ನಿನ್ನ ಕಟ್ಟಡದ ಕೆಳಗೆ ಬರೆಯುತ್ತಿದ್ದೇನೆ. ಮೇಲಿನಿಂದ ಏಡಿ ಬೇಯುವ ವಾಸನೆ ಬರುತ್ತಿದೆ. ಪಕ್ಕದ ಮನೆಯದು ಎನ್ನುತ್ತಿದ್ದಾನೆ ಗ್ರಾತಿಯೆನ್. ಲಿಸಿಯಾನ್, ಕಿಟಕಿಗೆ ಬಾ. ಬೈಯಲಾದರೂ ಬಾ.